ಕೊರೆದು ನೋಡದ ನಾಲ್ಕು ತೊಲೆಗಳು

ಬೆಳಗಾವಿಯ ಶಹಾಪುರದಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಗಾದಿ ಅಂಗಡಿಯೊಂದರ ಹಿಂಭಾಗದಲ್ಲಿ ಹತ್ತಿ ತುಂಬುವ ಕೋಣೆಗೆ ಮೊನ್ನೆ ಸಂಜೆ ಬೆಂಕಿ ಬಿದ್ದಿತ್ತು. ಅಗ್ನಿಶಾಮಕದವರು ಹೊಡೆದ ನೀರು ನೆಲದ ತಗ್ಗುಗಳಲ್ಲಿ ನಿಂತಿದೆ, ಅದರ ಮೇಲೆ ಸುಟ್ಟ ಹತ್ತಿಯ ಕಪ್ಪು ಕೆನೆ ತೇಲುತ್ತಿದೆ. ಏಣಿಯ ಮೇಲೆ ನಿಂತ ಗುರುಪಾದಪ್ಪ ತಲೆಗೆ ಟವೆಲ್ ಸುತ್ತಿಕೊಂಡು, ಕಪ್ಪಾದ ತೊಲೆಯೊಂದನ್ನು ಬಾಚಿಯಿಂದ ಮೆಲ್ಲಗೆ ಕೆತ್ತುತ್ತಿದ್ದಾರೆ. ಇದ್ದಿಲು ಚಕ್ಕೆ ಚಕ್ಕೆಯಾಗಿ ಕಳಚಿ ನೀರಿಗೆ ಬೀಳುತ್ತದೆ. ಪ್ರತಿ ಏಟಿಗೂ ಅವರು ಒಂದು ಕ್ಷಣ ನಿಂತು ಕಿವಿಗೊಡುತ್ತಾರೆ.

ಕೆಳಗೆ ಅಂಗಡಿಯ ಮಾಲೀಕ ಉತ್ತಮ ಅವರು ಕೈಕಟ್ಟಿ ನಿಂತಿದ್ದಾರೆ. ಅಜ್ಜನ ಕಾಲದಿಂದ ಇದೇ ಜಾಗದಲ್ಲಿ ಗಾದಿ ಹೊಲಿಸುತ್ತಾ ಬಂದ ಜೈನ ಮನೆತನ ಅವರದು. ಅವರಿಗೆ ಬೇಕಾಗಿರುವುದು ಒಂದೇ ಮಾತು: ಮಾಡು ಉಳಿಯುತ್ತದೋ, ಇಳಿಸಬೇಕೋ. ನಿನ್ನೆ ಫೋನಿನಲ್ಲಿ ಕೇಳಿದರು, ಈಗ ಬಾಗಿಲು ತೆಗೆಯುವಾಗಲೂ ಕೇಳಿದರು. ಗುರುಪಾದಪ್ಪ ಬಾಚಿಯನ್ನು ಸೊಂಟಕ್ಕೆ ಸಿಕ್ಕಿಸಿ, ಚೀಲದಿಂದ ಕೈಯಲ್ಲಿ ತಿರುವಿ ಕೊರೆಯುವ ಗಿರಮಿಟ ತೆಗೆದು, ಕೆತ್ತಿದ ಜಾಗಕ್ಕೆ ಇಟ್ಟು ಒತ್ತಿ ತಿರುವುತ್ತಾರೆ. ಹೊರಬಂದ ಪುಡಿಯನ್ನು ಅಂಗೈಗೆ ಹಿಡಿದು ದೀಪದ ಕಡೆ ಚಾಚುತ್ತಾರೆ. ಮೊದಲು ಕಪ್ಪು, ಆಮೇಲೆ ಸ್ವಲ್ಪ ಕಂದು, ಆಮೇಲೆ ಜೇನಿನ ಬಣ್ಣ. ಮೂಗಿಗೆ ಹಿಡಿದು ವಾಸನೆ ನೋಡುತ್ತಾರೆ.

"ಇದು ಗಟ್ಟಿ ಅನಸ್ತೈತಿ," ಎನ್ನುತ್ತಾರೆ ಕೊನೆಗೆ. "ಬಾಜೂಂದೂ ಕೊರದು ನೋಡಬೇಕು. ಮತ್ತ ನಾ ಒಬ್ಬಾಂವ ಹೇಳಿದ್ದ ಹಿಡೀಬ್ಯಾಡ್ರಿ. ಕಾಲೇಜಿನ ಮೇಡಂ ಬರ್ತಾರ, ಅವರೂ ನೋಡ್ಲಿ."

ಉತ್ತಮ ಅವರಿಗೆ ಸೋಜಿಗ. "ನಿಮ್ಮ ಹೆಸರ ಕೇಳೇ ಕರಸೇನ್ರಿ. ನೀವ ಇನ್ನೊಬ್ಬರನ್ನ ಕೇಳಬೇಕಂತೀರಲ್ಲ?"

"ಮೊದಲ ಕೇಳ್ತಿದ್ದಿಲ್ರಿ," ಎನ್ನುತ್ತಾ ಗುರುಪಾದಪ್ಪ ಏಣಿ ಇಳಿಯುತ್ತಾರೆ. "ಅದಕ್ಕ ಈಗ ಕೇಳ್ತೇನಿ."

ಬೆಳಗಾವಿ ಮತ್ತು ಖಾನಾಪುರದ ಹಳೆಯ ಓಣಿಗಳಲ್ಲಿ ಅವರಿಗೆ 'ಸುಟ್ಟಮನಿ ಗುರುಪಾದಪ್ಪ' ಎಂದೇ ಹೆಸರು. ಅರವತ್ತು ದಾಟಿದ ವಯಸ್ಸು, ದೇಸೂರಿನಲ್ಲಿ ಮನೆ. ಮನೆಯ ಮುಂದೆ ಫಲಕವಿಲ್ಲ, ಕೈಯಲ್ಲಿ ಕಾರ್ಡಿಲ್ಲ. ಹಂಚಿನ ಮನೆಗೋ ಹಳೆಯ ಅಂಗಡಿಗೋ ಬೆಂಕಿ ಬಿದ್ದು, ಅಗ್ನಿಶಾಮಕದ ಬಂಬಿನವರು ಬಂದು ಹೋಗಿ, ನೆಂಟರು ಸಮಾಧಾನ ಹೇಳಿ ಮುಗಿಸಿದ ಮೇಲೆ ಯಾರಾದರೂ ಒಬ್ಬರು ಅವರ ಹೆಸರು ತೆಗೆಯುತ್ತಾರೆ. ನಿಂತ ಮಾಡಿನಲ್ಲಿ ಯಾವ ಮರ ಇನ್ನೂ ಭಾರ ಹೊರುತ್ತದೆ, ಯಾವುದು ಹೊರುವಂತೆ ನಟಿಸುತ್ತಿದೆ ಎಂದು ನೋಡಿ, ಹೋದದ್ದನ್ನು ಇಳಿಸಿ, ಹೊಸದನ್ನು ಏರಿಸಿ ಕೊಡುವುದು ಅವರ ಕೆಲಸ. ತಿಂಗಳಿಗೆ ಒಂದೋ ಎರಡೋ ಕಡೆ. ಬೇಸಿಗೆಯಲ್ಲಿ ಮತ್ತು ದೀಪಾವಳಿಯ ಆಸುಪಾಸಿನಲ್ಲಿ ಇನ್ನೂ ಹೆಚ್ಚು. ಕಾಲೇಜುಗಳಿರುವ ಊರಿನಲ್ಲಿ ಈ ಕೆಲಸಕ್ಕೆ ಒಂದು ದೊಡ್ಡ ಹೆಸರು ಇದ್ದೇ ಇರಬೇಕು. ಅವರಿಗೆ ಅದು ಗೊತ್ತಿಲ್ಲ.

ಹುಟ್ಟಿದ್ದು ಖಾನಾಪುರ ತಾಲೂಕಿನ ಗುಂಜಿಯಲ್ಲಿ. ಕಾಡು ಊರಿನ ಹಿತ್ತಲಿಗೇ ಬಂದು ನಿಲ್ಲುವ ಕಡೆ. ತಂದೆ ಕಟ್ಟಿಗೆಯ ಡಿಪೋದಲ್ಲಿ ದಿಮ್ಮಿ ಹೊರುತ್ತಿದ್ದರು. ಮನೆಯಲ್ಲಿ ಬೆಳಿಗ್ಗೆ ಲಿಂಗಪೂಜೆ ಮುಗಿಯುವ ಮೊದಲು ಒಲೆ ಹೊತ್ತುತ್ತಿರಲಿಲ್ಲ. ಅಷ್ಟರಲ್ಲಿ ಹುಡುಗ ಗುರುಪಾದಪ್ಪ ಡಿಪೋಕ್ಕೆ ಹೋಗಿ ಸಾಗವಾನಿ ಯಾವುದು, ಮತ್ತಿ ಯಾವುದು, ಹೊನ್ನೆ ಯಾವುದು ಎಂದು ಕಣ್ಣುಮುಚ್ಚಿ ಮೂಸಿ ಹೇಳುವ ಆಟ ಆಡುತ್ತಿದ್ದ. ಸಾಲಿ ಏಳನೆಯ ಇಯತ್ತೆಗೆ ನಿಂತಿತು. ಖಾನಾಪುರಕ್ಕೆ ಬಂದು, ಹಂಚಿನ ಮಾಡು ಕಟ್ಟುವ ಮೇಸ್ತ್ರಿಯ ಕೈಕೆಳಗೆ ಕಲಿತರು. ಅಲ್ಲೇ ಜೊತೆಯಾದವನು ಗುರುಸಿದ್ದ. ಅವನ ತಂಗಿ ಕಾಂತಾಳನ್ನು ಗುರುಪಾದಪ್ಪ ಮದುವೆಯಾದರು. ಆಮೇಲೆ ಭಾವ-ಮೈದುನರಿಬ್ಬರೂ ಒಂದೇ ಏಣಿಯ ಮೇಲೆ ಸಂಸಾರ ಮಾಡಿದಂತೆ ಬದುಕಿದರು. ಒಬ್ಬ ಮೇಲಿದ್ದರೆ ಇನ್ನೊಬ್ಬ ಕೆಳಗಿರಬೇಕು, ಇಬ್ಬರೂ ಒಟ್ಟಿಗೆ ಮೇಲೆ ಹತ್ತಬಾರದು ಎಂಬುದು ಅವರು ತಾವೇ ಮಾಡಿಕೊಂಡ ಕಟ್ಟಳೆ.

ಆ ಕಟ್ಟಳೆಯ ಪ್ರಕಾರವೇ ಅಂದು ಖಾನಾಪುರದ ಒಂದು ಮನೆಯಲ್ಲಿ ಗುರುಪಾದಪ್ಪ ಕೆಳಗಿದ್ದರು. ಅಡಿಗೆಮನೆಗೆ ಬೆಂಕಿ ಬಿದ್ದು ವಾರವಾಗಿತ್ತು. ಒಡೆದ ಹಂಚು ಇಳಿಸಲು ಗುರುಸಿದ್ದ ಮೇಲೆ ಹತ್ತಿದ. ಅವನು ಕಾಲಿಟ್ಟ ಪಕಾಸಿ, ತೊಲೆಗಳ ಮೇಲೆ ಹಂಚು ಹೊರುವ ತೆಳ್ಳನೆಯ ಮರ, ಹೆಚ್ಚು ಸುಟ್ಟಿರಲಿಲ್ಲ, ಒಂದು ಮಗ್ಗುಲು ಕಂದಿತ್ತು ಅಷ್ಟೇ. ಒಳ್ಳೆಯ ಮರ ಮುರಿಯುವ ಮೊದಲು ಕಿರುಗುಟ್ಟುತ್ತದೆ, ಸಿಬಿರೆದ್ದು ಬಾಗುತ್ತದೆ, ಕಾಲು ತೆಗೆಯಲು ಒಂದಿಷ್ಟು ಪುರಸೊತ್ತು ಕೊಡುತ್ತದೆ. ಅಂದು ಅದು ಬಳಪದಂತೆ ಮುರಿಯಿತು.

"ಸಪ್ಪಳ ಆಗಲಿಲ್ರಿ," ಎನ್ನುತ್ತಾರೆ ಗುರುಪಾದಪ್ಪ. ಆ ಮನೆಯ ಬಗ್ಗೆ ಅವರು ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಗುರುಸಿದ್ದನ ಬೆನ್ನು ಮತ್ತೆ ನೆಟ್ಟಗಾಗಲಿಲ್ಲ. ಎರಡು ವರ್ಷ ತಂಗಿಯ ಮನೆಯ ಪಡಸಾಲೆಯಲ್ಲಿ ಮಲಗಿದ್ದು ತೀರಿಹೋದ. ಮುಂದಿನದನ್ನು ಕಾಂತಾ ಹೇಳುತ್ತಾರೆ: "ನಮ್ಮಣ್ಣ ಬಿದ್ದ ಮ್ಯಾಲ ಇವರಿಗೆ ಕರೀ ಬಣ್ಣ ಕಂಡ್ರ ಆಗ್ತಿದ್ದಿಲ್ರಿ. ಕರೀ ಕಂಡ್ರ ಕಿತ್ತು ಒಗೀರಿ ಅಂತಿದ್ರು. ಯಾರ ಏನ ಹೇಳಿದ್ರೂ ಕೇಳ್ತಿದ್ದಿಲ್ಲ. ಮಂದಿಗೂ ಅದ ಚಲೋ ಅನಸ್ತು. ಜೀವದ ಕಾಳಜಿ ಇರೂ ಮನಿಷಾ ಅಂತ ದೂರ ದೂರಿಂದ ಕರಿಯಾಕತ್ರು."

ಹೆಸರು ಬಂದದ್ದು ಹಾಗೆ. ಗುರುಪಾದಪ್ಪ ಇಳಿಸಿದ ಮಾಡಿನ ಜಾಗದಲ್ಲಿ ಯಾರೂ ಬೀಳಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ಅವರ ಮಾತನ್ನು ಎದುರಾಡುವ ಸಂದರ್ಭವೇ ಬರಲಿಲ್ಲ. ಕಿತ್ತ ಮರ ಒಲೆಗೆ ಹೋಗುತ್ತಿತ್ತು. ಅದರ ಒಳಗೆ ಏನಿತ್ತು ಎಂದು ಯಾರೂ ನೋಡುತ್ತಿರಲಿಲ್ಲ, ಅವರೂ ನೋಡಲಿಲ್ಲ.

ಆರು ವರ್ಷದ ಹಿಂದಿನ ಬೇಸಿಗೆಯ ಕೊನೆ. ವಡಗಾವಿಯಲ್ಲಿ ಬಸವಪ್ರಸಾದ ಎಂಬವರ ನೇಕಾರಿಕೆಯ ಶೆಡ್ಡಿತ್ತು. ಅವರ ಅಜ್ಜ ಕಟ್ಟಿಸಿದ್ದು. ಖಾನಾಪುರದ ಕಾಡಿನಿಂದ ಬಂದ ನಾಲ್ಕು ಸಾಗವಾನಿ ತೊಲೆಗಳು, ಒಂದೊಂದೂ ಗೇಣಿಗಿಂತ ದಪ್ಪ. ಅವುಗಳ ಕೆಳಗೆ, ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ನೇಯುವ ಎಂಟು ಕುಣಿಮಗ್ಗ. ಸುತ್ತಲಿನ ಓಣಿಯೆಲ್ಲ ವಿದ್ಯುತ್ ಮಗ್ಗಕ್ಕೆ ಹೊರಳಿದ ಮೇಲೂ ಇಲ್ಲಿ ಕೈಯಿಂದಲೇ ಸೀರೆ ನೇಯುತ್ತಿದ್ದರು. ಅಂಚಿನ ಬಣ್ಣದ ಚಿತ್ತಾರ ಎತ್ತುವ ಭಾರದ ಯಂತ್ರಗಳನ್ನು ಮಗ್ಗದ ನೆತ್ತಿಗೆ, ಆ ತೊಲೆಗಳಿಗೇ ಬಿಗಿದಿದ್ದರು. ಒಂದು ಸಂಜೆ ನೂಲಿನ ಗಂಟುಗಳಿದ್ದ ಮೂಲೆಯಲ್ಲಿ ವೈರು ಕಿಡಿ ಹಾರಿಸಿತು. ಎರಡು ಮಗ್ಗ ಸುಟ್ಟವು. ಆರನ್ನು ನೇಕಾರರೇ ನೀರು ಹೊಡೆದು, ಹಸಿ ಗೋಣಿ ಹೊದಿಸಿ ಉಳಿಸಿಕೊಂಡರು. ಮಾಡಿನ ಒಳಮೈ ಪೂರ್ತಿ ಕಪ್ಪಾಯಿತು.

ಮರುದಿನ ಬೆಳಿಗ್ಗೆ ಬಸವಪ್ರಸಾದ ಗುರುಪಾದಪ್ಪನವರನ್ನು ಕರೆಸಿದರು. ನೇಕಾರರೆಲ್ಲ ರಸ್ತೆಯ ಮೇಲೆ ನಿಂತಿದ್ದರು. ಅವರೊಳಗೆ ತ್ರಿವೇಣಿ ಎಂಬ ನಲವತ್ತರ ಆಸುಪಾಸಿನ ಹೆಂಗಸು, ಮಗ್ಗದಿಂದ ಬಿಚ್ಚಿ ತೆಗೆದ ಹಸಿ ನೂಲಿನ ಹಾಸನ್ನು ಹೆಗಲ ಮೇಲೆ ಹೊತ್ತುಕೊಂಡು ನಿಂತಿದ್ದಳು. ಹದಿನಾಲ್ಕನೆಯ ವಯಸ್ಸಿಗೆ ತಾಯಿಯ ಪಕ್ಕ ಕುಳಿತು ಕಲಿತ ಮಗ್ಗ ಅವಳದು, ಅದು ಉಳಿದಿತ್ತು.

ಅಷ್ಟು ಹೊತ್ತಿಗೆ ಪದ್ಮಶ್ರೀ ಎಂಬ ಯುವತಿ ಬಂದಳು. ಮನೆ ಅಲ್ಲೇ ಪಕ್ಕದ ಶಹಾಪುರದಲ್ಲಿ. ಬೆಳಗಾವಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿ ಒಂದು ವರ್ಷವೂ ಆಗಿರಲಿಲ್ಲ. ಯಾರೂ ಕರೆದಿರಲಿಲ್ಲ, ಸುದ್ದಿ ಕೇಳಿ ತಾನೇ ಬಂದಿದ್ದಳು. ಒಳಗೆ ಹೋಗಿ ತಲೆಯೆತ್ತಿ ಬಹಳ ಹೊತ್ತು ನೋಡಿ, ಹೊರಗೆ ಬಂದು ಮೆಲ್ಲಗೆ ಹೇಳಿದಳು:

"ಕಾಕಾ, ಇಷ್ಟ ದಪ್ಪ ಕಟಗಿ ಒಳಗ ಬಿಸಿ ಲಗೂನ ಹೋಗಂಗಿಲ್ರಿ. ಮ್ಯಾಲಿನ ಇದ್ದಲಿ ಒಳಗಿಂದಕ್ಕ ಹೊದಿಕಿ ಆಗಿರ್ತದ. ಒಂದೆರಡ ದಿನ ತಡೀರಿ, ಕೊರದು ನೋಡೂಣು."

ಗುರುಪಾದಪ್ಪ ನಕ್ಕರು. ಆ ನಗು ಅವರಿಗೆ ಇಂದಿಗೂ ನೆನಪಿದೆ. "ನಿಮ್ಮ ಪುಸ್ತಕದಾಗ ಹಂಗ ಇರಬಹುದವಾ. ಪುಸ್ತಕದ ಮ್ಯಾಲ ಯಾರೂ ನಿಲ್ಲಂಗಿಲ್ಲ. ತೊಲಿ ಕೆಳಗ ಮಂದಿ ಕುಂದರ್ತಾರ."

ರಸ್ತೆಯಲ್ಲಿದ್ದವರೂ ನಕ್ಕರು. ಮೂವತ್ತು ವರ್ಷ ಸುಟ್ಟ ಮನೆ ನೋಡಿದ ಮನುಷ್ಯನ ಮುಂದೆ ನಿನ್ನೆ ಮೊನ್ನೆ ಬಂದ ಹುಡುಗಿಯ ಮಾತು ಯಾರಿಗೆ ಬೇಕು? ಬಸವಪ್ರಸಾದ ಇಬ್ಬರ ಮುಖವನ್ನೂ ನೋಡಿ, "ಗುರುಪಾದಪ್ಪಾರು ಹೇಳಿದ ಮ್ಯಾಲ ಮುಗೀತು," ಅಂದರು. ಪದ್ಮಶ್ರೀ ಮನೆಯ ಕಡೆ ಹೊರಟಳು.

ಸರಪಳಿ ಕಟ್ಟಿ ತೊಲೆಗಳನ್ನು ಇಳಿಸಿದರು. ಮೂರನೆಯದನ್ನು ಕಿತ್ತಾಗ ಅದರ ಜೊತೆಗೆ ಹಳೆಯ ಮಣ್ಣಿನ ಗೋಡೆಯ ಒಂದು ಮಗ್ಗುಲೂ ಜರಿದು ಕುಣಿಗಳ ಮೇಲೆ ಬಿತ್ತು. ಹೊಸ ಮಾಡು ಮಳೆಗಾಲದ ಮೊದಲೇ ಏರಬೇಕಿತ್ತು, ಏರಲಿಲ್ಲ. ಆ ವರ್ಷ ಮಳೆ ಬೇಗ ಬಂತು. ಕುಣಿಗಳು ನೀರು ತುಂಬಿ ಹೊಂಡವಾದವು. ನೇಕಾರರು ಮಗ್ಗಗಳನ್ನು ಬಿಚ್ಚಿ ಒಬ್ಬೊಬ್ಬರು ಒಂದೊಂದು ಕಡೆ ಇಟ್ಟರು: ಮಠದ ಜಗುಲಿ, ನೆಂಟರ ಅಟ್ಟ, ಹಾಸಿಗೆಯ ಕೆಳಗೆ. ದೀಪಾವಳಿ ಬರುವ ಹೊತ್ತಿಗೆ ಇಬ್ಬರು ವಿದ್ಯುತ್ ಮಗ್ಗಕ್ಕೆ ಸೇರಿದ್ದರು, ಒಬ್ಬ ರಿಕ್ಷಾ ಹಿಡಿದಿದ್ದ, ತ್ರಿವೇಣಿ ಮಚ್ಛೆಯ ಸಣ್ಣ ಕಾರ್ಖಾನೆಯೊಂದರಲ್ಲಿ ಕಬ್ಬಿಣದ ಬಿಡಿಭಾಗಗಳನ್ನು ಎಣಿಸಿ ಪೆಟ್ಟಿಗೆ ತುಂಬುವ ಕೆಲಸಕ್ಕೆ ಹೋಗುತ್ತಿದ್ದಳು. ಬಸವಪ್ರಸಾದ ಆ ಜಾಗದಲ್ಲಿ ತಗಡಿನ ಗೋದಾಮು ಕಟ್ಟಿಸಿ ಬಾಡಿಗೆಗೆ ಕೊಟ್ಟರು. ಅವರನ್ನು ಕೆಟ್ಟವರೆನ್ನಲಾಗದು. ನೇಯುವವರೇ ಇಲ್ಲದ ಮೇಲೆ ನೇಕಾರರ ಶೆಡ್ಡು ಯಾರಿಗೆ ಕಟ್ಟಿಸಬೇಕು?

ಇಳಿಸಿದ ತೊಲೆಗಳು ದೇಸೂರಿನ ಗುರುಪಾದಪ್ಪನವರ ಹಿತ್ತಲಿಗೆ ಬಂದು ಬಿದ್ದಿದ್ದವು. ಶ್ರಾವಣದ ಒಂದು ದಿನ, ಹೊರಗೆ ಕೆಲಸವಿಲ್ಲದೆ ಕುಳಿತಿದ್ದವರು ಒಲೆಗಾದರೂ ಆಗಲಿ ಎಂದು ಮೊದಲನೆಯದಕ್ಕೆ ಗರಗಸ ಹಚ್ಚಿದರು. ಇದ್ದಿಲಲ್ಲಿ ಗರಗಸ ಸರಾಗ ಓಡಿತು. ಒಂದೂವರೆ ಬೆರಳಿನಷ್ಟು ಒಳಗೆ ಹೋಗುವಷ್ಟರಲ್ಲಿ ಸಪ್ಪಳ ಬದಲಾಯಿತು. ಹಲ್ಲು ಬಿಗಿಯಿತು. ಹಿತ್ತಲಲ್ಲಿ ಆಗತಾನೆ ಕೊಯ್ದ ಸಾಗವಾನಿಯ ವಾಸನೆ ಎದ್ದಿತು, ಗುಂಜಿಯ ಡಿಪೋದಲ್ಲಿ ಕಣ್ಣುಮುಚ್ಚಿ ಮೂಸುತ್ತಿದ್ದ ಅದೇ ವಾಸನೆ. ತುಂಡಾಗಿ ಬಿದ್ದ ಮುಖದ ಮೇಲೆ ಸುತ್ತ ಕಪ್ಪು ಅಂಚು, ಅದರೊಳಗೆ ತೆಳ್ಳಗೆ ಒಂದು ಕಂದು ಗೆರೆ, ಉಳಿದದ್ದೆಲ್ಲ ಎಣ್ಣೆ ಹಚ್ಚಿದಂತೆ ಹೊಳೆಯುವ ಗಟ್ಟಿ ಮರ.

ಇನ್ನೊಂದು ತುದಿ ಕೊಯ್ದು ನೋಡಿದರು. ಎರಡನೆಯ ತೊಲೆ, ಮೂರನೆಯದು. ನಾಲ್ಕನೆಯದನ್ನು ಕೊಯ್ಯುವಾಗ, ಇದಾದರೂ ಕೆಟ್ಟಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡರಂತೆ. ಅದೂ ಗಟ್ಟಿಯಾಗಿಯೇ ಇತ್ತು.

"ಊಟಕ್ಕ ಕರಿಯಾಕ ಹೋದ್ರ ಕಟಗೀ ಮುಂದ ಕುಂತಿದ್ರು," ಎನ್ನುತ್ತಾರೆ ಕಾಂತಾ. "ಮಾರಿ ನೋಡಿ ಯಾರ ಹೋದ್ರು ಅಂತ ಕೇಳಿದ್ನಿ. ಯಾರೂ ಇಲ್ಲ, ನಾನ ಕೆಡವೇನಿ ಅಂದ್ರು. ನಂಗ ತಿಳೀಲಿಲ್ಲ."

ಮರುದಿನ ಒಂದು ತೊಲೆಯ ಬಿಲ್ಲೆಯನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಅವರು ಕಾಲೇಜು ಹುಡುಕಿ ಹೋದರು. ಪದ್ಮಶ್ರೀಯ ಹೆಸರು ಗೊತ್ತಿರಲಿಲ್ಲ. ಗೇಟಿನಲ್ಲಿ, "ಕಟಗೀ ಬಗ್ಗೆ ಹೇಳೂ ಮೇಡಂ," ಅಂದರು. ಅವಳು ಬಂದಾಗ ಚೀಲವನ್ನೇ ಕೈಗಿಟ್ಟರು. ಅವಳು ಬಿಲ್ಲೆಯನ್ನು ತೆಗೆದು ತಿರುಗಿಸಿ ನೋಡಿದಳು. ಅಂದೇ ಸಂಜೆಯ ಹೊತ್ತಿಗೆ ಅವರ ಜೊತೆ ದೇಸೂರಿಗೆ ಬಂದು ಉಳಿದದ್ದನ್ನೂ ನೋಡಿದಳು.

"ನಾನೂ ಅವತ್ತ ಪಕ್ಕಾ ಹೇಳಿರಲಿಲ್ರಿ," ಎಂದು ಪದ್ಮಶ್ರೀ ಈಗ ಹೇಳುತ್ತಾರೆ. "ಗಟ್ಟಿ ಅದ ಅಂತ ಅಲ್ಲ, ಕೊರದು ನೋಡೂಣು ಅಂದಿದ್ದೆ ಅಷ್ಟ. ಎಲ್ಲಾರೂ ನಕ್ಕರು, ನನಗ ನಾಚಿಕಿ ಆತು, ಮನಿಗೆ ಹೋದೆ. ಇನ್ನೊಂದ ಸಲ ಜೋರಾಗಿ ಹೇಳಬೇಕಾಗಿತ್ತು. ಕಾಕಾ ತಮ್ಮ ತಪ್ಪ ಒಂದನ್ನ ಲೆಕ್ಕಾ ಹಿಡೀತಾರ."

ಅಂದು ಹಿತ್ತಲಿನಲ್ಲಿ ಅವಳು ಅವರಿಗೆ ತಿಳಿಸಿ ಹೇಳಿದ್ದು ಹೆಚ್ಚೇನಲ್ಲ. ಮರ ಬಿಸಿಯಾದಾಗ ಬಲ ಕಳೆದುಕೊಳ್ಳುತ್ತದೆ. ಬಿಸಿ ಸ್ವಲ್ಪವಾಗಿದ್ದು, ಸ್ವಲ್ಪ ಹೊತ್ತು ಮಾತ್ರ ಇದ್ದರೆ ಆರಿದ ಮೇಲೆ ಬಲ ಮರಳುತ್ತದೆ. ಒಂದು ಹದ ದಾಟಿದರೆ ಹೋದದ್ದು ಹೋದ ಹಾಗೆಯೇ. ಆದರೆ ಮರ ಶಾಖವನ್ನು ಒಳಗೆ ಬಿಟ್ಟುಕೊಳ್ಳುವುದರಲ್ಲಿ ಬಹಳ ಜಿಪುಣ. ದಪ್ಪ ತೊಲೆಯ ಹೊರಮೈ ಇದ್ದಿಲಾಗುವಾಗಲೂ ಒಳಗೆ ತಣ್ಣಗಿರಬಹುದು. ತೆಳ್ಳನೆಯ ಪಕಾಸಿಗೆ, ರೀಪಿಗೆ ಆ ಒಳಗೆಂಬುದೇ ಇಲ್ಲ, ನೋಡಲು ಬರೀ ಕಂದಿದ್ದರೂ ಉದ್ದಕ್ಕೂ ಬೆಂದುಹೋಗಿರುತ್ತದೆ. ಕಬ್ಬಿಣದ ಬೋಲ್ಟು, ಪಟ್ಟಿ ಇದ್ದ ಕಡೆ ಶಾಖ ಆ ಕಬ್ಬಿಣವನ್ನೇ ಹಿಡಿದು ಒಳಗೆ ನಡೆದಿರುತ್ತದೆ.

ಗುರುಪಾದಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಹಂಗಾರ ನಮ್ಮ ಗುರುಸಿದ್ದ ಕಾಲಿಟ್ಟಿದ್ದು?"

"ಅದು ತೆಳ್ಳಂದಿತ್ತಲ್ರಿ ಕಾಕಾ. ಅದು ಹೋಗಿತ್ತು. ಅದರ ಬಗ್ಗೆ ನಿಮ್ಮ ಅಂಜಿಕಿ ಖರೇ ಇತ್ತು."

ಅದು ಅವರಿಗೆ ಸಮಾಧಾನ ತರಲಿಲ್ಲ. ಪಕಾಸಿಗೆ ಅಂಜಬೇಕಾದ ಅಂಜಿಕೆಯನ್ನು ತೊಲೆಯ ಮೇಲೆ ಹಾಕಿದ್ದರು. ಇಷ್ಟು ವರ್ಷ ಇನ್ನೆಷ್ಟು ಮನೆಗಳಲ್ಲಿ ಹಾಗೆ ಮಾಡಿದೆನೋ ಎಂಬ ಯೋಚನೆ ಅಂದು ಹೊಕ್ಕಿದ್ದು ಇನ್ನೂ ಹೊರಗೆ ಹೋಗಿಲ್ಲ. ಆ ಮರವೆಲ್ಲ ಬೂದಿಯಾಗಿದೆ, ಕೇಳಲು ಯಾರೂ ಉಳಿದಿಲ್ಲ.

ಆಮೇಲೆ ಅವರು ವಡಗಾವಿಗೆ ಹೋದರು. ಬಸವಪ್ರಸಾದ ಚಹಾ ಕೊಟ್ಟು, "ಆಗಿದ್ದ ಆತ್ರಿ, ನಮ್ಮ ಚಲೋದಕ್ಕ ಹೇಳಿದ್ರಿ," ಎಂದು ಕಳಿಸಿದರು. ನೇಕಾರರ ಮನೆಗಳಿಗೂ ಒಂದೊಂದಾಗಿ ಹೋದರು. ಹಿರಿಯರೊಬ್ಬರು ಹಣೆ ಮುಟ್ಟಿಕೊಂಡರು. ತ್ರಿವೇಣಿಯ ಮನೆಯಲ್ಲಿ ಅವಳು ಕೆಲಸದಿಂದ ಆಗಷ್ಟೇ ಬಂದು ಕೈ ತೊಳೆಯುತ್ತಿದ್ದಳು, ಉಗುರಿನ ಸಂದಿಯಲ್ಲಿ ಗ್ರೀಸು. ಪೂರ್ತಿ ಕೇಳಿಸಿಕೊಂಡಳು.

"ಅಂದ್ರ ಮಾಡು ನಿಂದರತಿತ್ತು."

"ಹೌದವಾ. ಪಕಾಸಿ, ಹಂಚು ಬದಲಿ ಮಾಡಿದ್ರ ನಿಂದರತಿತ್ತು."

"ಇದನ್ನ ನನಗ್ಯಾಕ ಹೇಳಾಕ ಬಂದ್ರಿ?" ತ್ರಿವೇಣಿ ದನಿ ಎತ್ತಲಿಲ್ಲ. "ಬೆಂಕಿ ತಿಂತು ಅಂತ ತಿಳಕೊಂಡಿದ್ನಿ. ಹಂಗ ತಿಳಕೊಂಡು ಇದ್ನಿ. ಗೊತ್ತಾಗಲಾರದಿದ್ರ ಚಲೋ ಇತ್ತು."

"ಹೇಳಿ ಮನಸು ಹಗುರ ಮಾಡ್ಕೊಳ್ಳಾಕ ಹೋಗಿದ್ನೇನೋ," ಎನ್ನುತ್ತಾರೆ ಗುರುಪಾದಪ್ಪ ಈಗ. "ಆಕಿ ಮ್ಯಾಲ ಇನ್ನೊಂದು ಭಾರ ಹೇರಿ ಬಂದಂಗಾತು."

ಆ ಮಳೆಗಾಲದ ನಂತರ ಅವರ ಕೆಲಸದ ರೀತಿ ಬದಲಾಯಿತು. ಚೀಲದಲ್ಲಿ ಬಾಚಿಯ ಜೊತೆ ಗಿರಮಿಟ ಸೇರಿತು. ಮೊದಲ ಸಲ ಫೋನಿನಲ್ಲಿ, "ಗಿರಮಿಟ ತಗೊಂಡು ಬರ್ತೇನಿ," ಅಂದಾಗ ಮನೆಯೊಡತಿ, ತಿನ್ನುವ ಮಂಡಕ್ಕಿ ಗಿರಮಿಟ್ಟೆಂದು ತಿಳಿದು ಎಲ್ಲರಿಗೂ ಚಹಾ ಇಟ್ಟು ಕಾದಿದ್ದಳು. ಅದೊಂದನ್ನು ಹೇಳುವಾಗ ಅವರ ಮುಖದಲ್ಲಿ ನಗು ಸುಳಿಯುತ್ತದೆ. ದೊಡ್ಡ ತೊಲೆಯಿರುವ ಕಡೆಗೆಲ್ಲ ಪದ್ಮಶ್ರೀಯನ್ನು ಕರೆಯುತ್ತಾರೆ, ಬಿಡುವಿದ್ದರೆ ಅವರೂ ಬರುತ್ತಾರೆ. ಖಾನಾಪುರದಲ್ಲಿ ಒಂದು ಕಿರಾಣಿ ಅಂಗಡಿ, ಗುಂಜಿಯಲ್ಲಿ ಒಂದು ದನದ ಕೊಟ್ಟಿಗೆ, ಬೆಳಗಾವಿಯ ಹಳೆ ಪೇಟೆಯಲ್ಲಿ ಮೂರು ಮನೆ ಹೀಗೆ ಉಳಿದಿವೆ. ಕೊರೆದು ನೋಡಿ, ಇಲ್ಲ ಎಂದು ಇಳಿಸಿದವೂ ಇವೆ. ಜನರಿಗೆ ಮಾತ್ರ ಇದು ಹಿಡಿಸಿಲ್ಲ. ಮೊದಲು ಗುರುಪಾದಪ್ಪ ಬಂದರೆ ಹೊಸಿಲಲ್ಲೇ ತೀರ್ಮಾನ ಸಿಗುತ್ತಿತ್ತು, ಈಗ ಕಾಯಬೇಕು. ವಯಸ್ಸಾಯಿತು, ಧೈರ್ಯ ಹೋಯಿತು ಎಂದು ಆಡಿಕೊಳ್ಳುವವರಿದ್ದಾರೆ. ಅವರು ತಿದ್ದಲು ಹೋಗುವುದಿಲ್ಲ.

ಗಾದಿ ಅಂಗಡಿಗೆ ಪದ್ಮಶ್ರೀ ಬರುವ ಹೊತ್ತಿಗೆ ಬಿಸಿಲೇರಿದೆ. ಇಬ್ಬರೂ ಒಂದೊಂದು ತೊಲೆಯ ಕೆಳಗೂ ನಿಂತು ಪುಡಿಯನ್ನು ಬಿಳಿ ಕಾಗದದ ಮೇಲೆ ಸುರಿದು ನೋಡುತ್ತಾರೆ. ಮೂರು ಉಳಿಯುತ್ತವೆ. ಕಬ್ಬಿಣದ ಪಟ್ಟಿ ಬಿಗಿದಿದ್ದ ನಾಲ್ಕನೆಯದು ಪಟ್ಟಿಯ ಕೆಳಗೆ ಆಳದವರೆಗೆ ಕಂದಿದೆ, ಅದನ್ನು ಇಳಿಸಬೇಕು. ಉತ್ತಮ ಅವರ ಹೆಗಲು ಮೊದಲ ಬಾರಿಗೆ ಸಡಿಲಾಗುತ್ತದೆ. ಗುರುಪಾದಪ್ಪ ಸಾಮಾನು ಕಟ್ಟಿಕೊಂಡು, "ಮೇಡಂ, ಮಚ್ಛೆಗೆ ಹೋಗೂಣೇನ್ರಿ?" ಎಂದು ಕೇಳುತ್ತಾರೆ.

ಕಳೆದ ವಾರ ತ್ರಿವೇಣಿ ಫೋನ್ ಮಾಡಿದ್ದಳು. ಆರು ವರ್ಷದಲ್ಲಿ ಮೊದಲ ಸಲ. ಮಚ್ಛೆಯಲ್ಲಿ ಒಂದು ಹಂಚಿನ ಮನೆಯ ಹಿಂದಿನ ಖೋಲಿ ಬಾಡಿಗೆಗೆ ಸಿಗುವಂತಿದೆ, ನೆಲ ಮಣ್ಣಿನದು, ಕುಣಿ ತೆಗೆಯಬಹುದು. ಬಿಚ್ಚಿಟ್ಟ ಮಗ್ಗ ಇನ್ನೂ ಇದೆ. ರಜೆಯ ದಿನ, ಪಾಳಿ ಇಲ್ಲದ ಹೊತ್ತು ಕುಳಿತರೂ ವರ್ಷಕ್ಕೆ ಕೆಲವು ಸೀರೆಯಾದರೂ ಆದೀತು. ಮೇಲಿನ ಯಂತ್ರದ ಭಾರವನ್ನು ಅಲ್ಲಿಯ ತೊಲೆ ಹೊರುತ್ತದೆಯೇ ನೋಡಬೇಕು. "ಬರ್ತೀರೇನ್ರಿ?" ಎಂದಷ್ಟೇ ಕೇಳಿ ಫೋನ್ ಇಟ್ಟಿದ್ದಳು.

ಖೋಲಿಯ ಬಾಗಿಲಲ್ಲಿ ಅವಳು ಕಾಯುತ್ತಿದ್ದಾಳೆ. ಕಾರ್ಖಾನೆಗೆ ಇಂದು ರಜೆ. ಪದ್ಮಶ್ರೀಯನ್ನು ನೋಡಿ ಗುರುತು ಹಿಡಿದು, "ಬರ್ರಿ, ಕುಂದರ್ರಿ," ಎನ್ನುತ್ತಾಳೆ. ಗುರುಪಾದಪ್ಪನವರಿಗೆ ತಲೆ ಅಲ್ಲಾಡಿಸುತ್ತಾಳೆ. ಒಳಗೆ ತೊಲೆ ಒಂದೇ. ಎಲ್ಲೂ ಸುಟ್ಟಿಲ್ಲ. ಹೊಗೆ ಹಿಡಿದು ನಯವಾಗಿ ಹೊಳೆಯುತ್ತಿದೆ, ನೋಡಿದರೆ ಇನ್ನೂ ನೂರು ವರ್ಷ ನಿಲ್ಲುವಂತಿದೆ.

"ಇಲ್ಲಿ ಮೊದಲ ಏನಿತ್ತವಾ?" ಎನ್ನುತ್ತಾರೆ ಗುರುಪಾದಪ್ಪ.

"ಚುರಮುರಿ ಭಟ್ಟಿ ಇತ್ತಂತ್ರಿ. ಭಾಳ ವರ್ಷ. ಇಲ್ಲೇ, ನಡುವ."

ಅವರು ಏಣಿ ಹತ್ತಿ, ಮಂಡಕ್ಕಿ ಹುರಿಯುವ ಆ ಭಟ್ಟಿಯಿದ್ದ ಜಾಗದ ನೆತ್ತಿಯಲ್ಲಿ ಗಿರಮಿಟ ಇಡುತ್ತಾರೆ. ಅದು ತಡೆಯಿಲ್ಲದೆ ಒಳಗೆ ಹೋಗುತ್ತದೆ. ಪುಡಿ ಸುರುಳಿಯಾಗಿ ಬರುವುದಿಲ್ಲ, ನಶ್ಯದಂತೆ ಉದುರುತ್ತದೆ, ಹೊರಗೂ ಒಳಗೂ ಒಂದೇ ಕಂದು. ಉಳಿಯಿಂದ ಒಂದು ಸಿಬಿರು ಎಬ್ಬಿಸಿ ಬೆರಳಲ್ಲಿ ಬಾಗಿಸುತ್ತಾರೆ. ಬಾಗದೆ ಟಕ್ಕನೆ ತುಂಡಾಗುತ್ತದೆ. ಇನ್ನೂ ಎರಡು ಕಡೆ ಕೊರೆಯುತ್ತಾರೆ. ಸಿಬಿರುಗಳನ್ನು ಪದ್ಮಶ್ರೀಯ ಕೈಗೆ ಕೊಡುತ್ತಾರೆ. ಅವರೂ ಮುರಿದು ನೋಡಿ ನಿಧಾನಕ್ಕೆ ತಲೆಯಾಡಿಸುತ್ತಾರೆ.

"ವರ್ಷಾನುಗಟ್ಟಲೆ ಕೆಳಗಿಂದ ಬಿಸಿ ಹತ್ತೇದ," ಎನ್ನುತ್ತಾರೆ ಪದ್ಮಶ್ರೀ. "ಸುಡೂವಷ್ಟ ಅಲ್ಲ. ಆದ್ರ ದಿನಾ. ಅದು ಒಳಗಿನತನಕ ಹೋಗೇದ."

ಗುರುಪಾದಪ್ಪ ಏಣಿ ಇಳಿದು ತ್ರಿವೇಣಿಯ ಎದುರು ನಿಲ್ಲುತ್ತಾರೆ. ಮಾಡು ಆಗದು ಎಂಬ ಮಾತನ್ನು ಇವಳಿಗೆ ಎರಡನೆಯ ಸಲ ಹೇಳಬೇಕಾಗಿ ಬಂದಿದೆ. "ಇದಕ್ಕ ಮಗ್ಗ ಕಟ್ಟಬ್ಯಾಡವಾ. ನೀ ಕೆಳಗ ಕುಂದ್ರಾಕಿ. ಇದು ಮುರಿಯೂ ಮುಂದ ಸಪ್ಪಳಾನೂ ಮಾಡಂಗಿಲ್ಲ. ಬ್ಯಾರೆ ತೊಲಿ ನಾ ಹಾಕಿ ಕೊಡ್ತೇನಿ."

"ಮಾಲಕರು ಮಾಡು ಮುಟ್ಟಾಕ ಕೊಡಂಗಿಲ್ರಿ. ಬರೂ ವರ್ಷ ಕೆಡವಿ ಲೇಥ್ ಹಾಕಾವ್ರದಾರ. ಅಲ್ಲೀತನಕ ಇರ್ರಿ ಅಂದಾರ."

ಪಕ್ಕದ ಕಾರ್ಖಾನೆಯಲ್ಲಿ ಯಾವುದೋ ಯಂತ್ರ ಒಂದೇ ಸಮ ಗುಂಯ್‌ಗುಡುತ್ತಿದೆ. ತ್ರಿವೇಣಿ ನೆಲದ ಮೇಲೆ ಬಿದ್ದ ಕಂದು ಪುಡಿಯನ್ನು ಕಾಲಬೆರಳಿನಿಂದ ಮೆಲ್ಲಗೆ ಸರಿಸುತ್ತಾಳೆ. ಮೂಲೆಯಲ್ಲಿ ಅವಳು ಆಗಲೇ ಸುಣ್ಣದಿಂದ ಕುಣಿಯ ಗುರುತು ಎಳೆದಿದ್ದಾಳೆ, ಅದನ್ನು ಎಲ್ಲರೂ ನೋಡುತ್ತಾರೆ.

"ಇರ್ಲಿ," ಎನ್ನುತ್ತಾಳೆ ಕೊನೆಗೆ. "ಈ ಸಲ ನೋಡಿ ಹೇಳಿದ್ರಲ್ಲ."

ಅವಳು ಚಹಾ ತರಲು ಮುಂದಿನ ಮನೆಗೆ ಹೋಗುತ್ತಾಳೆ. ಗುರುಪಾದಪ್ಪ ಚೀಲ ಕಟ್ಟುವ ನೆಪದಲ್ಲಿ ಬಾಗಿಲ ಕಡೆ ಬೆನ್ನು ಮಾಡುತ್ತಾರೆ.

ಅಂದಿನಿಂದ ಅವರು ಎಲ್ಲಿಗೆ ಹೋದರೂ ಇನ್ನೊಂದು ವಿಚಾರಣೆ ಸೇರಿಕೊಂಡಿದೆ. ದೇಸೂರಿನ ಸ್ಟೇಷನ್ನಿನ ಚಹಾದ ಅಂಗಡಿಯಲ್ಲಿ, ಖಾನಾಪುರದ ಸಂತೆಯಲ್ಲಿ, ಗುಂಜಿಯ ದೂರದ ನೆಂಟರ ಮನೆಯಲ್ಲಿ, ಕನ್ನಡ ಬಾರದವರ ಹತ್ತಿರ ತಮ್ಮ ಮುರುಕು ಮರಾಠಿಯಲ್ಲಿ, ತ್ರಿವೇಣಿಯ ಮಗ್ಗಕ್ಕೆ ಜಾಗವಿದೆಯೇ ಎಂಬ ಅದೇ ಮಾತು ಕೇಳುತ್ತಾರೆ. ಹೆಚ್ಚಿನವರು ಸಿಮೆಂಟಿನ ಖೋಲಿ ತೋರಿಸುತ್ತಾರೆ. ಅದು ಆಗದು. ಮಣ್ಣಿನ ನೆಲವಿದ್ದದ್ದು ತೀರಾ ದೂರ, ಹತ್ತಿರವಿದ್ದದ್ದು ನಾಳೆಯೋ ನಾಡಿದ್ದೋ ಕೆಡವುವಂಥದ್ದು. ಆದರೂ ಕೇಳುವುದನ್ನು ಬಿಟ್ಟಿಲ್ಲ. ಈ ಲೇಖನಕ್ಕಾಗಿ ಮಾತು ಮುಗಿಸಿ ಏಳುವಾಗಲೂ, ತಮ್ಮ ಬಗ್ಗೆ ಬರೆಯುವುದಕ್ಕಿಂತ ಅದೊಂದನ್ನು ಬರೆದರೆ ಸಾಕೆನ್ನುತ್ತಾರೆ.

"ಒಂದು ಖೋಲಿ ಬೇಕಾಗೇತ್ರಿ. ಭಾಳ ದೊಡ್ಡದು ಬ್ಯಾಡ. ನೆಲ ಮಣ್ಣಿಂದಿರಬೇಕು, ಹತ್ತ ವರ್ಷ ಯಾರೂ ಕೆಡವಬಾರದು, ಅಷ್ಟ. ಯಾರದರ ಕಡೆ ಇದ್ರ ಹೇಳಾಕ ಹೇಳ್ರಿ. ತೊಲಿ ನಾ ನೋಡ್ತೇನಿ."